ಚಳಿಗಾಲದ ಬಿಸಿನೀರಿನ ಖರ್ಚು: ಮೈಸೂರು, ಮಂಡ್ಯದ ವಸತಿಗೃಹ, ಛತ್ರ, ಆಸ್ಪತ್ರೆಗಳು ಏನು ಮಾಡಬಹುದು?

ವಸತಿಗೃಹ ವ್ಯವಸ್ಥಾಪಕರು, ಗಾಂಧಿ ವೃತ್ತ, ಮೈಸೂರು

ಎಲ್ಲರಿಗೂ ನಮಸ್ಕಾರ. ನಾನು ನೋಡಿಕೊಳ್ಳುತ್ತಿರುವುದು ಮೂರು ಮಹಡಿಯ, ನಲವತ್ತು ಕೋಣೆಗಳ ಹಳೆಯ ವಸತಿಗೃಹ. ತಾರಸಿಯ ಮೇಲೆ ಸೋಲಾರ್ ಇದೆ, ಅದರ ಟ್ಯಾಂಕಿನೊಳಗೆ ಮೋಡದ ದಿನಗಳಿಗೆಂದು ವಿದ್ಯುತ್ ಕಾಯಿಲ್ ಇದೆ. ನಲ್ಲಿ ತಿರುಗಿಸಿದ ಕೂಡಲೇ ಬಿಸಿನೀರು ಬರಲಿ ಎಂದು ನೀರನ್ನು ಎಲ್ಲ ಮಹಡಿಗಳಿಗೂ ಸುತ್ತಾಡಿಸಿ ಮತ್ತೆ ಟ್ಯಾಂಕಿಗೆ ತರುವ ಸಣ್ಣ ಪಂಪೊಂದು ಹಗಲಿರುಳೂ ಓಡುತ್ತದೆ. ಪೈಪುಗಳೆಲ್ಲ ಒಂದು ಇಂಚಿನ ಜಿ.ಐ. ಪೈಪುಗಳು, ಅಂದರೆ ಸತು ಲೇಪಿಸಿದ ಕಬ್ಬಿಣದವು.

ಡಿಸೆಂಬರ್ ಬಂತೆಂದರೆ ಶಾಲಾ ಪ್ರವಾಸದ ಮಕ್ಕಳು, ಅರಮನೆಯ ಮಾಗಿ ಉತ್ಸವಕ್ಕೆ ಬರುವವರು, ವರ್ಷಾಂತ್ಯದ ರಜೆಯವರು ಎಂದು ಕೋಣೆಗಳು ತುಂಬಿರುತ್ತವೆ. ವಿದ್ಯುತ್ ಬಿಲ್ಲೂ ಅದೇ ಲೆಕ್ಕದಲ್ಲಿ ಏರುತ್ತದೆ ಎಂದುಕೊಳ್ಳೋಣವೆಂದರೆ, ಮೇ ತಿಂಗಳಲ್ಲಿಯೂ ಕೋಣೆಗಳು ಇಷ್ಟೇ ತುಂಬಿದ್ದರೂ ಬಿಲ್ಲು ಇದರ ಹತ್ತಿರಕ್ಕೂ ಬರುವುದಿಲ್ಲ. ಒಬ್ಬ ಮಾರಾಟಗಾರರು ಗಾಳಿಯ ಬಿಸಿಯನ್ನು ಎಳೆದು ನೀರು ಕಾಯಿಸುವ ಹೀಟ್ ಪಂಪ್ ಹಾಕಿಸಿ ಎನ್ನುತ್ತಿದ್ದಾರೆ, ಇನ್ನೊಬ್ಬರು ಸೋಲಾರನ್ನೇ ಎರಡರಷ್ಟು ಮಾಡಿ ಎನ್ನುತ್ತಿದ್ದಾರೆ. ಎರಡಕ್ಕೂ ಲಕ್ಷಗಟ್ಟಲೆ ಹಣ ಬೇಕು. ಮಾಲೀಕರ ಮುಂದೆ ಈ ವಿಷಯ ಇಡುವ ಮೊದಲು ಅನುಭವಸ್ಥರ ಅಭಿಪ್ರಾಯ ತಿಳಿಯಬೇಕೆಂದಿದ್ದೇನೆ.

ನಿವೃತ್ತ ವಿದ್ಯುತ್ ಎಂಜಿನಿಯರ್, ಕುವೆಂಪುನಗರ

ಸರ್, ಯಾವ ಯಂತ್ರಕ್ಕೂ ಮುಂಗಡ ಕೊಡುವ ಮೊದಲು ಕಾಗದ ಪೆನ್ಸಿಲ್ ಹಿಡಿದು ಒಂದು ಲೆಕ್ಕ ಮಾಡಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಆ ಲೆಕ್ಕ ಮಾಡದೆ ಕೊಂಡ ಯಂತ್ರಗಳು ಅಗತ್ಯಕ್ಕಿಂತ ದೊಡ್ಡದಾಗಿ ಬಂದು ಕುಳಿತದ್ದನ್ನು ಬಹಳ ಕಡೆ ನೋಡಿದ್ದೇನೆ.

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೋಕ್ಯಾಲರಿ ಬೇಕು. 860 ಕಿಲೋಕ್ಯಾಲರಿ ಸೇರಿದರೆ ಒಂದು ಯೂನಿಟ್ ವಿದ್ಯುತ್ತಿಗೆ ಸಮ. ಒಬ್ಬರ ಸ್ನಾನಕ್ಕೆ ಎರಡು ಬಕೆಟ್, ಅಂದರೆ 40 ಡಿಗ್ರಿಯ 40 ಲೀಟರ್ ನೀರು ಎಂದಿಟ್ಟುಕೊಳ್ಳೋಣ. ಮೇ ತಿಂಗಳ ಬೆಳಗಿನಲ್ಲಿ ಮೇಲಿನ ತೊಟ್ಟಿಯ ನೀರು 27 ಡಿಗ್ರಿ ಇದ್ದರೆ 13 ಡಿಗ್ರಿ ಏರಿಸಿದರೆ ಸಾಕು, 520 ಕಿಲೋಕ್ಯಾಲರಿ ಆಯಿತು. ಡಿಸೆಂಬರ್ ಕೊನೆಯಲ್ಲಿ ಅದೇ ತೊಟ್ಟಿಯ ನೀರು 20 ಡಿಗ್ರಿಗೆ ಇಳಿದರೆ 20 ಡಿಗ್ರಿ ಏರಿಸಬೇಕು, 800 ಕಿಲೋಕ್ಯಾಲರಿ ಆಯಿತು. ಅತಿಥಿಗಳ ಸಂಖ್ಯೆ ಒಂದೇ ಇದ್ದರೂ ಬೇಕಾಗುವ ಬಿಸಿ ಒಂದೂವರೆ ಪಟ್ಟು. ಜೊತೆಗೆ, ಬೇಸಿಗೆಯಲ್ಲಿ ತಣ್ಣೀರಿನಲ್ಲಿಯೇ ಸ್ನಾನ ಮುಗಿಸುವವರು ಅನೇಕರು, ಡಿಸೆಂಬರಿನಲ್ಲಿ ಅಂಥವರು ವಿರಳ. ತಮ್ಮ ಮೇ ತಿಂಗಳ ಬಿಲ್ಲಿಗೂ ಈಗಿನದಕ್ಕೂ ಇರುವ ಅಂತರದ ಒಂದು ಭಾಗ ಇಲ್ಲಿಗೆ ಹೋಯಿತು.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ನಲವತ್ತು ಕೋಣೆಗಳಲ್ಲಿ ಎಂಬತ್ತು ಜನ ಎಂದರೆ ದಿನಕ್ಕೆ 64,000 ಕಿಲೋಕ್ಯಾಲರಿ, ಹತ್ತಿರ ಹತ್ತಿರ 74 ಯೂನಿಟ್. ಪೂರ್ತಿ ತುಂಬಿದ ದಿನ, ಸೂರ್ಯನ ಸಹಾಯ ಒಂದಿಷ್ಟೂ ಇಲ್ಲದೆ ಸ್ನಾನಕ್ಕೆ ನಿಜವಾಗಿ ಬೇಕಾಗುವ ಬಿಸಿ ಇಷ್ಟೇ. ಇಷ್ಟಕ್ಕಿಂತ ಹೆಚ್ಚು ಯೂನಿಟ್ಟುಗಳು ಕಾಯಿಲ್‌ಗೆ ಹೋಗುತ್ತಿದ್ದರೆ ಆ ಬಿಸಿ ಅತಿಥಿಗಳ ಮೈಮೇಲೆ ಬೀಳದೆ ಬೇರೆಲ್ಲೋ ಸೋರಿ ಹೋಗುತ್ತಿದೆ ಎಂದೇ ಅರ್ಥ. ನನ್ನ ಅನುಮಾನ ತಮ್ಮ ಹಗಲಿರುಳಿನ ಪಂಪಿನ ಮೇಲೆ. ಹೊದಿಕೆಯಿಲ್ಲದ ಒಂದು ಇಂಚಿನ ಜಿ.ಐ. ಪೈಪಿನಲ್ಲಿ 60 ಡಿಗ್ರಿಯ ನೀರು ಹರಿಯುತ್ತಿದ್ದು, ಸುತ್ತಲಿನ ಗಾಳಿ 20 ಡಿಗ್ರಿ ಇದ್ದರೆ, ಪ್ರತಿ ಮೀಟರಿಗೂ ಸುಮಾರು 40 ವ್ಯಾಟ್ ಬಿಸಿ ಗಾಳಿಗೆ ಹೋಗುತ್ತದೆ. ಮೂರು ಮಹಡಿ ಸುತ್ತಿ ಬರುವ ಪೈಪು ಒಟ್ಟು 100 ಮೀಟರ್ ಇದ್ದರೆ 4 ಕಿಲೋವ್ಯಾಟ್, ಇಪ್ಪತ್ನಾಲ್ಕು ಗಂಟೆಗೆ 96 ಯೂನಿಟ್. ಅತಿಥಿಗಳೆಲ್ಲರ ಸ್ನಾನಕ್ಕಿಂತ ಗೋಡೆಗಳ ಸ್ನಾನಕ್ಕೇ ಹೆಚ್ಚು ಖರ್ಚಾಗುತ್ತಿರಬಹುದು.

ಆದ್ದರಿಂದ ಕಾಯಿಲ್‌ನ ಲೈನಿಗೆ ಪ್ರತ್ಯೇಕ ಸಬ್‌ಮೀಟರ್ ಒಂದನ್ನು ಹಾಕಿಸಿ, ಒಂದು ವಾರ ಬೆಳಿಗ್ಗೆ ಸಂಜೆ ಬರೆದಿಡಿ. ನಮ್ಮ ಭಾಗದ ವಿದ್ಯುತ್ ಕಂಪನಿ ಸೆಸ್ಕ್‌ನವರ ಬಿಲ್ಲು ಇಡೀ ಕಟ್ಟಡದ್ದು. ದೀಪ, ಲಿಫ್ಟು, ನೀರೆತ್ತುವ ಮೋಟಾರು, ಅಡುಗೆಮನೆಯ ಮಿಕ್ಸಿ ಎಲ್ಲವೂ ಅದರಲ್ಲಿ ಸೇರಿಕೊಂಡಿರುವುದರಿಂದ ಅದನ್ನು ನೋಡಿ ಬಿಸಿನೀರಿನ ಬಗ್ಗೆ ಏನನ್ನೂ ನಿರ್ಧರಿಸಲಾಗದು.

ಸೋಲಾರ್ ಮತ್ತು ಪ್ಲಂಬಿಂಗ್ ಗುತ್ತಿಗೆದಾರರು, ಹೆಬ್ಬಾಳ, ಮೈಸೂರು

ಎಂಜಿನಿಯರ್ ಸಾಹೇಬರು ಹೇಳಿದ್ದು ಸರಿಯಾಗಿದೆ. ಅದರ ಜೊತೆಗೆ, ಸೋಲಾರ್ ಟ್ಯಾಂಕಿನ ಕಾಯಿಲ್‌ನ ಸ್ವಿಚ್ಚನ್ನು ಯಾರು, ಯಾವಾಗ ಹಾಕುತ್ತಾರೆ ಎಂಬುದನ್ನು ದಯವಿಟ್ಟು ವಿಚಾರಿಸಿ. ಬಹಳಷ್ಟು ಕಡೆ ಸ್ವಿಚ್ಚು ಯಾವಾಗಲೂ ಹಾಕಿಯೇ ಇರುತ್ತದೆ, ನಿಗದಿತ ಬಿಸಿ ಮುಟ್ಟಿದಾಗ ಕರೆಂಟು ನಿಲ್ಲಿಸುವ ಥರ್ಮೋಸ್ಟಾಟ್ ನೋಡಿಕೊಳ್ಳುತ್ತದೆ ಎಂಬ ಧೈರ್ಯ. ಆಗುವುದೇನೆಂದರೆ, ಬೆಳಿಗ್ಗೆ ಒಂಬತ್ತಕ್ಕೆ ಸ್ನಾನಗಳು ಮುಗಿದು ಟ್ಯಾಂಕಿಗೆ ತಣ್ಣೀರು ತುಂಬಿಕೊಂಡ ಕೂಡಲೇ ಕಾಯಿಲ್ ಚಾಲೂ ಆಗಿ, ಬಿಸಿಲು ಏರುವಷ್ಟರಲ್ಲಿ ಟ್ಯಾಂಕನ್ನು 60 ಡಿಗ್ರಿಗೆ ತಂದು ನಿಲ್ಲಿಸಿಬಿಡುತ್ತದೆ. ಆಮೇಲೆ ಸೂರ್ಯ ಎಷ್ಟು ಕಾಯಿಸಿದರೂ ಉಳಿತಾಯ ಅಷ್ಟಕ್ಕಷ್ಟೆ. ಟೈಮರ್ ಹಾಕಿ, ಬೆಳಗಿನ ಜಾವ ಮೂರರಿಂದ ಐದರವರೆಗೆ ಮಾತ್ರ ಕಾಯಿಲ್‌ಗೆ ಕರೆಂಟು ಸಿಗುವಂತೆ ಮಾಡಿದರೆ, ಹಗಲಿನ ಬಿಸಿಲು ಕೊಟ್ಟದ್ದರಲ್ಲಿ ಕಡಿಮೆ ಬಿದ್ದಷ್ಟನ್ನು ಮಾತ್ರ ಅದು ತುಂಬಿಸಿಕೊಡುತ್ತದೆ.

ಇನ್ನೂ ಒಳ್ಳೆಯ ಕ್ರಮವೆಂದರೆ ಎರಡು ಟ್ಯಾಂಕುಗಳನ್ನು ಒಂದರ ಹಿಂದೆ ಒಂದು ಜೋಡಿಸುವುದು. ಮೊದಲನೆಯದು ಸೋಲಾರಿನದು, ಅದರಲ್ಲಿ ಕಾಯಿಲ್ ಇರಕೂಡದು. ಅದರಿಂದ ಹೊರಟ ನೀರು ಎರಡನೆಯ ಸಣ್ಣ ಟ್ಯಾಂಕಿಗೆ ಬಂದು, ಅಲ್ಲಿ ಬೇಕಾದಷ್ಟೇ ಬಿಸಿಯೇರಿ ಕೋಣೆಗಳಿಗೆ ಹೋಗಬೇಕು. ಹೀಗಾದರೆ ಸೂರ್ಯನ ಪಾಲಿನ ಟ್ಯಾಂಕಿನಲ್ಲಿ ಯಾವಾಗಲೂ ತಣ್ಣನೆಯ ನೀರಿಗೆ ಜಾಗ ಇರುತ್ತದೆ. ಪ್ಯಾನೆಲ್‌ಗೆ ಬರುವ ನೀರು ಎಷ್ಟು ತಣ್ಣಗಿದ್ದರೆ ಅದು ಅಷ್ಟು ಚೆನ್ನಾಗಿ ಬಿಸಿ ಹಿಡಿಯುತ್ತದೆ.

ಸೋಲಾರನ್ನು ಎರಡರಷ್ಟು ಮಾಡಿ ಎಂದವರು ಬಿಸಿಲಿನ ದಿಕ್ಕು ನೋಡಿದ್ದಾರೆಯೇ ಎಂಬುದೂ ಮುಖ್ಯ. ಮೈಸೂರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಜೂನ್ ತಿಂಗಳಲ್ಲಿ ನಮ್ಮ ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ, ಆಗ ದಕ್ಷಿಣದ ಕಡೆಯ ಗೋಡೆ, ನೀರಿನ ತೊಟ್ಟಿ, ಲಿಫ್ಟಿನ ಕೋಣೆ ಯಾವುದೂ ಪ್ಯಾನೆಲ್‌ಗೆ ಅಡ್ಡ ಬರುವುದಿಲ್ಲ. ಡಿಸೆಂಬರ್ 22ರ ಸುಮಾರಿಗೆ ಅದೇ ಸೂರ್ಯ ನಡುಮಧ್ಯಾಹ್ನದಲ್ಲೂ ದಕ್ಷಿಣ ದಿಗಂತದಿಂದ 54 ಡಿಗ್ರಿಗಿಂತ ಮೇಲೇರುವುದಿಲ್ಲ. ಒಂದು ಮೀಟರ್ ಎತ್ತರದ ಅಡ್ಡಕ್ಕೆ ಮಧ್ಯಾಹ್ನ 70 ಸೆಂಟಿಮೀಟರಿನಷ್ಟು ನೆರಳು ಬಿದ್ದರೆ, ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಒಂದೂವರೆ ಮೀಟರಿಗಿಂತ ಉದ್ದದ ನೆರಳು ವಾಯುವ್ಯದ ಕಡೆಗೆ ಚಾಚಿರುತ್ತದೆ. ಬೇಸಿಗೆಯಲ್ಲಿ ಬಂದು ಜಾಗ ನೋಡಿ ಹೋದವರಿಗೆ ಇದು ಕಾಣುವುದಿಲ್ಲ. ಈಗಲೇ, ಡಿಸೆಂಬರಿನಲ್ಲಿಯೇ, ಬೆಳಿಗ್ಗೆ ಒಂಬತ್ತಕ್ಕೂ ಮಧ್ಯಾಹ್ನ ಮೂರಕ್ಕೂ ತಾರಸಿಗೆ ಹೋಗಿ ಪ್ಯಾನೆಲ್‌ಗಳ ಮೇಲೆ ಯಾವುದರ ನೆರಳು ಬೀಳುತ್ತಿದೆ ಎಂದು ಫೋಟೋ ತೆಗೆದಿಟ್ಟುಕೊಳ್ಳಿ. ನವೆಂಬರಿನಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ಮೋಡಗಳನ್ನು ಬಿಟ್ಟರೆ ನಮ್ಮ ಚಳಿಗಾಲದ ಆಕಾಶ ಬಹುಮಟ್ಟಿಗೆ ನಿರ್ಮಲವಾಗಿರುತ್ತದೆ, ಬಿಸಿಲಿಗೆ ಬರವಿಲ್ಲ.

ವಸತಿಗೃಹ ಮಾಲೀಕರು, ಶ್ರೀರಂಗಪಟ್ಟಣ

ನಮ್ಮಲ್ಲಿ ಸೋಲಾರ್ ಇಲ್ಲ, ಪ್ರತಿ ಕೋಣೆಯಲ್ಲಿಯೂ 25 ಲೀಟರಿನ ಗೀಸರ್ ಇದೆ. ನಮ್ಮಂಥವರಿಗೆ ಏನು ಸಲಹೆ?

ನಿವೃತ್ತ ವಿದ್ಯುತ್ ಎಂಜಿನಿಯರ್, ಕುವೆಂಪುನಗರ

ತಮಗೆ ಉದ್ದದ ಪೈಪಿನ ಕಾಟ ಇಲ್ಲ, ಅದು ಲಾಭ. ನಷ್ಟ ಬೇರೆ ಕಡೆ ಇದೆ. ಸ್ವಿಚ್ ಹಾಕಿಯೇ ಬಿಟ್ಟ 25 ಲೀಟರಿನ ಗೀಸರ್ ಒಂದು ಹನಿ ನೀರನ್ನೂ ಕೊಡದಿದ್ದರೂ ಒಳಗಿನ ನೀರನ್ನು ಬಿಸಿಯಾಗಿಯೇ ಇಡಲು ದಿನಕ್ಕೆ ಅರ್ಧದಿಂದ ಒಂದು ಯೂನಿಟ್ ತಿನ್ನುತ್ತದೆ. ವಿದ್ಯುತ್ ಉಪಕರಣಗಳ ದಕ್ಷತೆಗೆ ನಕ್ಷತ್ರದ ಗುರುತು ಕೊಡುವ ಕೇಂದ್ರ ಸಂಸ್ಥೆ ಬಿ.ಇ.ಇ.ಯವರು ಗೀಸರುಗಳಿಗೆ ನಕ್ಷತ್ರ ಕೊಡುವುದು ಈ ನಿಂತಲ್ಲೇ ಆಗುವ ನಷ್ಟವನ್ನು ಅಳೆದು. ಹೊಸದು ಕೊಳ್ಳುವಾಗ ನಕ್ಷತ್ರದ ಸಂಖ್ಯೆ ನೋಡುವುದು ಅದಕ್ಕಾಗಿ. ಕೋಣೆಗೆ ಕೀ ಕಾರ್ಡಿನ ಸ್ವಿಚ್ ಇದ್ದರೆ ಗೀಸರಿನ ಲೈನನ್ನೂ ಅದರ ಮೂಲಕವೇ ತನ್ನಿ. ಇಲ್ಲದಿದ್ದರೆ ಮಹಡಿಗೊಂದು ಕಾಂಟ್ಯಾಕ್ಟರ್ (ದೊಡ್ಡ ಹೊರೆಯನ್ನು ತಾಳುವ ಸ್ವಿಚ್) ಮತ್ತು ಟೈಮರ್ ಹಾಕಿಸಿ, ಬೆಳಿಗ್ಗೆ ಮತ್ತು ಸಂಜೆ ನಿಗದಿತ ಹೊತ್ತಿಗೆ ಮಾತ್ರ ಕರೆಂಟು ಬಿಡಿ.

ಮಹಡಿಯಿಂದ ಮಹಡಿಗೆ ಅರ್ಧ ಗಂಟೆಯ ಅಂತರ ಕೊಡುವುದನ್ನು ಮರೆಯಬೇಡಿ. ಎರಡು ಕಿಲೋವ್ಯಾಟಿನ ಇಪ್ಪತ್ತು ಗೀಸರುಗಳು ಐದು ಗಂಟೆಗೆ ಒಟ್ಟಿಗೆ ಹೊತ್ತಿಕೊಂಡರೆ ನಲವತ್ತು ಕಿಲೋವ್ಯಾಟ್ ಹೊರೆ ಒಮ್ಮೆಲೇ ಬೀಳುತ್ತದೆ. ಬೇಡಿಕೆಯನ್ನು ಅಳೆಯುವ ಮೀಟರ್ ಇರುವವರಿಗೆ, ಮಂಜೂರಾದ ಹೊರೆಯನ್ನು ಮೀರಿದ ಆ ಅರ್ಧ ಗಂಟೆಯ ದಂಡ ಇಡೀ ತಿಂಗಳ ಬಿಲ್ಲಿನಲ್ಲಿ ಬಂದು ಕೂರುತ್ತದೆ.

ಮೊದಲು ಬರೆದ ವ್ಯವಸ್ಥಾಪಕರು, ಗಾಂಧಿ ವೃತ್ತ

ಹೇಳಿದಂತೆ ಸಬ್‌ಮೀಟರ್ ಹಾಕಿಸಿದ್ದೇವೆ. ವಾರದ ಪುಸ್ತಕ ನೋಡಿದರೆ, ಕೋಣೆಗಳು ಅರ್ಧ ಖಾಲಿಯಿದ್ದ ದಿನಕ್ಕೂ ಪೂರ್ತಿ ತುಂಬಿದ್ದ ದಿನಕ್ಕೂ ಕಾಯಿಲ್‌ನ ಖರ್ಚಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ನಿನ್ನೆ ಮಧ್ಯಾಹ್ನ ಮೂರು ಗಂಟೆಗೆ ಎರಡನೆಯ ಮಹಡಿಯಲ್ಲಿ ಪೈಪುಗಳು ಹಾದುಹೋಗುವ ಡಕ್ಟಿನ ಬಾಗಿಲು ತೆಗೆಸಿದೆ. ಆ ಹೊತ್ತಿನಲ್ಲಿ ಯಾವ ಕೋಣೆಯಲ್ಲಿಯೂ ಯಾರೂ ಬಿಸಿನೀರು ಬಳಸುತ್ತಿರಲಿಲ್ಲ. ಒಳಗಿನ ಗಾಳಿ ಅಡುಗೆಮನೆಯ ಗಾಳಿಯಂತೆ ಬೆಚ್ಚಗೆ ಮುಖಕ್ಕೆ ಬಡಿಯಿತು; ಟ್ಯಾಂಕಿಗೆ ಹಿಂತಿರುಗುವ ಪೈಪಿನ ಮೇಲೆ ಕೈಯಿಟ್ಟರೆ ಇಡಲಾಗಲಿಲ್ಲ. ಪೈಪಿನ ಪಕ್ಕದ ಗೋಡೆಯ ಸುಣ್ಣ ಒಣಗಿ ಹಕ್ಕಳೆಯಾಗಿ ಉದುರಿತ್ತು, ಪೈಪಿನಿಂದ ದೂರದ ಗೋಡೆಯಲ್ಲಿ ಹಾಗಿರಲಿಲ್ಲ. ಪೈಪಿನ ಉದ್ದ ಅಳತೆ ಹಾಕಿಸಿದಾಗ ಎಂಜಿನಿಯರ್ ಅವರು ಊಹಿಸಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಬಂತು.

ಪಂಪನ್ನು ನಿಲ್ಲಿಸಿಬಿಟ್ಟರೆ ಆಗುವುದಿಲ್ಲವೇ ಎಂದು ನಮ್ಮ ಮಾಲೀಕರು ಕೇಳುತ್ತಿದ್ದಾರೆ.

ಸೋಲಾರ್ ಮತ್ತು ಪ್ಲಂಬಿಂಗ್ ಗುತ್ತಿಗೆದಾರರು, ಹೆಬ್ಬಾಳ

ಪೂರ್ತಿ ನಿಲ್ಲಿಸಿದರೆ ಇನ್ನೊಂದು ನಷ್ಟ ಶುರುವಾಗುತ್ತದೆ. ಒಂದು ಇಂಚಿನ ಪೈಪಿನಲ್ಲಿ ಮೀಟರಿಗೆ ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು ನೀರು ನಿಂತಿರುತ್ತದೆ. ದೂರದ ಕೋಣೆಯವರು ಇಪ್ಪತ್ತು ಮೀಟರ್ ಪೈಪಿನ ತಣ್ಣೀರನ್ನು ಚರಂಡಿಗೆ ಬಿಟ್ಟ ಮೇಲೆ ಬಿಸಿನೀರು ಕಾಣುತ್ತಾರೆ. ಅವರ ಸ್ನಾನ ಮುಗಿದ ಮೇಲೆ ಅಷ್ಟೇ ಬಿಸಿನೀರು ಪೈಪಿನಲ್ಲಿ ಉಳಿದು ಆರುತ್ತದೆ. ನೀರೂ ಹೋಯಿತು, ಬಿಸಿಯೂ ಹೋಯಿತು. ಕಾವೇರಿ, ಕಬಿನಿಯ ನೀರನ್ನು ಅಷ್ಟು ದೂರದಿಂದ ಪಂಪ್ ಮಾಡಿ ತಂದು ಹೀಗೆ ಚರಂಡಿಗೆ ಬಿಡುವುದು ನನಗಂತೂ ಸಂಕಟದ ವಿಷಯ.

ಪೈಪಿಗೆ ಹೊದಿಕೆ ಹಾಕಿ, ಪಂಪಿಗೆ ಟೈಮರ್ ಕೊಡಿ. ಒಂದು ಇಂಚು ದಪ್ಪದ ನೈಟ್ರೈಲ್ ಫೋಮ್ ಕೊಳವೆ ತೊಡಿಸಿದರೆ ಮೀಟರಿಗೆ 40 ವ್ಯಾಟ್ ಹೋಗುತ್ತಿದ್ದುದು 10 ವ್ಯಾಟಿಗೆ ಇಳಿಯುತ್ತದೆ. ಪಂಪು ಬೆಳಿಗ್ಗೆ ನಾಲ್ಕೂವರೆಯಿಂದ ಒಂಬತ್ತೂವರೆಯವರೆಗೆ ಐದು ಗಂಟೆ ಓಡಿದರೆ 100 ಮೀಟರಿಗೆ ಆಗುವ ನಷ್ಟ 5 ಯೂನಿಟ್. ರಾತ್ರಿಯೆಲ್ಲ ಆರಿದ ಪೈಪಿನ ನೀರನ್ನು ಮುಂಜಾನೆ ಮತ್ತೆ ಕಾಯಿಸಲು ಇನ್ನೊಂದು ಮೂರು ಯೂನಿಟ್. 96 ಎಲ್ಲಿ, 8 ಎಲ್ಲಿ! ಸಂಜೆ ಬಂದಿಳಿಯುವ ಪ್ರವಾಸಿಗರಿಗಾಗಿ ಒಂದೆರಡು ಗಂಟೆ ಸೇರಿಸಿಕೊಂಡರೂ ಲೆಕ್ಕ ಹೆಚ್ಚು ಬದಲಾಗದು. ಬಿಸಿನೀರಿನ ವೇಳೆಯನ್ನು ಕೋಣೆಯಲ್ಲಿ ಸ್ಪಷ್ಟವಾಗಿ ಬರೆದು ಹಾಕಿದರೆ ಅತಿಥಿಗಳು ಬೇಸರಿಸುವುದಿಲ್ಲ. ವೇಳೆ ತಿಳಿಸದೆ ತಣ್ಣೀರು ಕೊಟ್ಟಾಗ ಮಾತ್ರ ಬೇಸರಿಸುತ್ತಾರೆ.

ಆಸ್ಪತ್ರೆಯ ಕಟ್ಟಡ ನಿರ್ವಹಣಾಧಿಕಾರಿ, ಮೈಸೂರು

ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ಪಂಪಿನ ಟೈಮರ್ ವಿಷಯದಲ್ಲಿ ಆಸ್ಪತ್ರೆ, ವೃದ್ಧಾಶ್ರಮಗಳವರು ಮಾತ್ರ ಈ ಸಲಹೆಯನ್ನು ಹಾಗೆಯೇ ಅನುಸರಿಸಬಾರದು ಎಂದು ಒತ್ತಿ ಹೇಳಬೇಕಾಗಿದೆ. ಉಳಿತಾಯಕ್ಕೆಂದು ಟ್ಯಾಂಕಿನ ಥರ್ಮೋಸ್ಟಾಟನ್ನು 45 ಡಿಗ್ರಿಗೆ ಇಳಿಸಿಬಿಡೋಣ ಎಂಬ ಸಲಹೆಯೂ ಆಗಾಗ ಕೇಳಿಬರುತ್ತದೆ, ಅದು ಇನ್ನೂ ಅಪಾಯಕಾರಿ. ಬೆಚ್ಚಗಿನ, ನಿಂತ ನೀರಿನಲ್ಲಿ, ಅಂದರೆ ಸುಮಾರು 20ರಿಂದ 45 ಡಿಗ್ರಿಯ ನಡುವೆ, ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಷವರಿನ ತುಂತುರಿನೊಡನೆ ಅದು ಶ್ವಾಸಕೋಶಕ್ಕೆ ಇಳಿದರೆ ತೀವ್ರ ನ್ಯುಮೋನಿಯಾ ಬರಬಹುದು. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಸೇರಿದ್ದ ಮಾಜಿ ಸೈನಿಕರಲ್ಲಿ ಈ ಕಾಯಿಲೆ ಹರಡಿದಾಗಲೇ ವೈದ್ಯಲೋಕಕ್ಕೆ ಅದರ ಪರಿಚಯವಾದದ್ದು. ಆ ಸೈನಿಕರ ಸಂಘದ ಹೆಸರಿನಿಂದಲೇ ಕಾಯಿಲೆಗೂ ಹೆಸರು ಬಂತು. ವಯಸ್ಸಾದವರು, ರೋಗನಿರೋಧಕ ಶಕ್ತಿ ಕುಗ್ಗಿದವರು ಇರುವ ಜಾಗದಲ್ಲಿ ಟ್ಯಾಂಕಿನ ನೀರು 60 ಡಿಗ್ರಿ ಇರಲೇಬೇಕು, ಸುತ್ತಿ ಹಿಂತಿರುಗುವ ನೀರು 50 ಡಿಗ್ರಿಗಿಂತ ಕೆಳಗಿಳಿಯಬಾರದು. ಆದ್ದರಿಂದ ನಮ್ಮ ಪಂಪು ನಿಲ್ಲುವುದಿಲ್ಲ. ನಾವು ಉಳಿಸಬೇಕಾದದ್ದು ಹೊದಿಕೆಯಲ್ಲಿ ಮಾತ್ರ, ಅದನ್ನು ದಪ್ಪವಾಗಿಯೇ ಹಾಕಿಸಿದ್ದೇವೆ.

60 ಡಿಗ್ರಿಯ ನೀರು ದೊಡ್ಡವರ ಚರ್ಮವನ್ನೂ ಐದೇ ಸೆಕೆಂಡಿನಲ್ಲಿ ಸುಡಬಲ್ಲದು. ಹಾಗಾಗಿ ಸ್ನಾನಗೃಹದ ನಲ್ಲಿಯ ಹಿಂದೆ ಬಿಸಿ ತಣ್ಣೀರು ಬೆರೆಸಿ 41–42 ಡಿಗ್ರಿಗೆ ತಂದು ಕೊಡುವ ಮಿಶ್ರಣ ಕವಾಟ ಬೇಕು. ವಸತಿಗೃಹದವರು ಕೂಡ, ಖಾಲಿ ಬಿದ್ದಿದ್ದ ಕೋಣೆಯನ್ನು ಅತಿಥಿಗೆ ಕೊಡುವ ಮೊದಲು ನಲ್ಲಿ, ಷವರು ಎರಡನ್ನೂ ಬಿಟ್ಟು ಪೂರ್ತಿ ಬಿಸಿನೀರು ಬರುವವರೆಗೆ ಹರಿಸಿದರೆ ಒಳ್ಳೆಯದು.

ಮೊದಲು ಬರೆದ ವ್ಯವಸ್ಥಾಪಕರು, ಗಾಂಧಿ ವೃತ್ತ

ಮೇಡಂ, ಬಹಳ ಉಪಕಾರವಾಯಿತು. ಥರ್ಮೋಸ್ಟಾಟ್ ಇಳಿಸುವ ಸಲಹೆ ನಮಗೂ ಬಂದಿತ್ತು. ಅದನ್ನು ಕೈಬಿಟ್ಟಿದ್ದೇವೆ.

ಕಲ್ಯಾಣ ಮಂಟಪದ ಕಾರ್ಯದರ್ಶಿ, ಮಂಡ್ಯ

ನಮ್ಮ ಛತ್ರದ ಕಷ್ಟ ಬೇರೆ ರೀತಿಯದು. ಮುಹೂರ್ತ ಬೆಳಗಿನದಾದರೆ ನಾಲ್ಕು ಗಂಟೆಗೇ ಎರಡೂ ಕಡೆಯ ಬೀಗರಿಗೆ ಸ್ನಾನಕ್ಕೆ ನೀರು ಬೇಕು, ಅಷ್ಟೊಂದು ನೀರು ಎರಡೇ ಗಂಟೆಯಲ್ಲಿ ಬೇಕು. ಹಿಂದಿನಿಂದಲೂ ಸೌದೆಯ ಒಲೆ, ಎರಡು ದೊಡ್ಡ ಹಂಡೆ. ತೆಂಗಿನ ಮಟ್ಟೆ, ಕರಟ, ಸೌದೆ ಮೂರೂ ಉರಿಸುತ್ತೇವೆ. ಈಗ ಸೌದೆಗೂ ಬೆಲೆ, ಕರಟಕ್ಕೂ ಬೆಲೆ. ಗ್ಯಾಸಿಗೆ ಬದಲಾಯಿಸಿದರೆ ಅಗ್ಗವಾದೀತೇ?

ನಿವೃತ್ತ ವಿದ್ಯುತ್ ಎಂಜಿನಿಯರ್, ಕುವೆಂಪುನಗರ

ಬೆಲೆಗಳು ತಿಂಗಳು ತಿಂಗಳೂ ಬದಲಾಗುವುದರಿಂದ ಹೋಲಿಸುವ ಕ್ರಮವನ್ನಷ್ಟೇ ಹೇಳುತ್ತೇನೆ. ಒಂದು ಕಿಲೋ ಎಲ್‌ಪಿಜಿಯಲ್ಲಿ ಸುಮಾರು 11,000 ಕಿಲೋಕ್ಯಾಲರಿ ಇರುತ್ತದೆ, ಒಳ್ಳೆಯ ಗ್ಯಾಸ್ ಗೀಸರ್ ಅದರಲ್ಲಿ ನೂರಕ್ಕೆ 80ರಷ್ಟನ್ನು ನೀರಿಗೆ ಸೇರಿಸುತ್ತದೆ. ಅಂದರೆ ಒಂದು ಕಿಲೋ ಗ್ಯಾಸು ಹತ್ತು ಯೂನಿಟ್ ಕರೆಂಟಿಗೆ ಸಮ. ವಾಣಿಜ್ಯ ಬಳಕೆಯ 19 ಕಿಲೋ ಸಿಲಿಂಡರಿನ ಅಂದಿನ ಬೆಲೆಯನ್ನು 190ರಿಂದ ಭಾಗಿಸಿ, ಬಂದದ್ದನ್ನು ತಮ್ಮ ಬಿಲ್ಲಿನ ಯೂನಿಟ್ ದರದ ಪಕ್ಕದಲ್ಲಿಟ್ಟು ನೋಡಿ. ಯಾವುದು ಕಡಿಮೆಯೋ ಅದು ಅಗ್ಗ. ಹೀಟ್ ಪಂಪಿನ ಲೆಕ್ಕಕ್ಕೆ ಯೂನಿಟ್ ದರವನ್ನು ಮೂರರಿಂದ ಭಾಗಿಸಿಕೊಳ್ಳಿ. ಮನೆ ಬಳಕೆಯ 14.2 ಕಿಲೋ ಸಿಲಿಂಡರನ್ನು ಛತ್ರದಲ್ಲಿ ಬಳಸುವುದು ಕಾನೂನಿಗೆ ವಿರುದ್ಧ, ಆ ಯೋಚನೆ ಬೇಡ.

ಸೌದೆಯ ಬಗ್ಗೆ ಒಂದು ಮಾತು. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆಯಲ್ಲಿ 3,500ರಿಂದ 4,000 ಕಿಲೋಕ್ಯಾಲರಿ ಇರುತ್ತದೆ, ಆದರೆ ಸುತ್ತಲೂ ತೆರೆದಿರುವ ಹಂಡೆಯ ಒಲೆಯಲ್ಲಿ ಅದರ ಕಾಲುಭಾಗ ನೀರಿಗೆ ಸೇರಿದರೆ ಹೆಚ್ಚು. ಹಸಿ ಸೌದೆಯಾದರೆ ಅದರೊಳಗಿನ ನೀರನ್ನು ಆವಿ ಮಾಡುವುದಕ್ಕೇ ಒಂದಿಷ್ಟು ಉರಿ ಹೋಗುತ್ತದೆ. ಸೌದೆಯನ್ನು ಸೂರಿನ ಕೆಳಗೆ ಒಂದು ಬೇಸಿಗೆ ಒಣಗಿಸಿಟ್ಟು, ಒಲೆಯ ಸುತ್ತ ಇಟ್ಟಿಗೆ ಮಣ್ಣಿನ ಗೋಡೆ ಎತ್ತಿ, ಹೊಗೆಯು ಹಂಡೆಯನ್ನು ಸುತ್ತಿ ಬಂದು ಚಿಮಣಿಗೆ ಹೋಗುವಂತೆ ಮಾಡಿ, ಹಂಡೆಗೆ ಮುಚ್ಚಳ ಹಾಕಿದರೆ, ಸೌದೆಯ ಖರ್ಚು ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ಇದಕ್ಕೆ ತಗಲುವುದು ಒಬ್ಬ ಗಾರೆ ಕೆಲಸದವರ ಒಂದೆರಡು ದಿನದ ಕೂಲಿ.

ಛತ್ರಗಳಿಗೆ ಇನ್ನೊಂದು ಅನುಕೂಲವಿದೆ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಧನುರ್ಮಾಸ, ಮದುವೆಗಳಿಲ್ಲ. ವರ್ಷದಲ್ಲಿ ಅತಿ ಹೆಚ್ಚು ಚಳಿ ಇರುವ ಆ ತಿಂಗಳು ತಮ್ಮ ಒಲೆಗೆ ಕೆಲಸವೇ ಇಲ್ಲ. ದುರಸ್ತಿ, ಹಂಡೆಯೊಳಗೆ ಕಟ್ಟಿದ ಸುಣ್ಣದ ಗಟ್ಟಿ ಕೆರೆಯುವುದು, ಪೈಪು ಬದಲಾಯಿಸುವುದು ಎಲ್ಲವನ್ನೂ ಆಗಲೇ ಮುಗಿಸಿಕೊಳ್ಳಬಹುದು. ತಮ್ಮದು ಬೋರ್‌ವೆಲ್ ನೀರಾಗಿದ್ದರೆ ಗಟ್ಟಿಯ ಪದರವನ್ನು ಅಲಕ್ಷ್ಯ ಮಾಡಬೇಡಿ. ಸುಣ್ಣದ ಆ ಪದರ ಬೆಂಕಿಗೂ ನೀರಿಗೂ ನಡುವೆ ಗೋಡೆಯಾಗಿ ನಿಲ್ಲುತ್ತದೆ.

ಚಾಕಿ ಸಾಕಣೆ ಕೇಂದ್ರದವರು, ಮಳವಳ್ಳಿ ತಾಲ್ಲೂಕು

ಇಲ್ಲಿ ಎಲ್ಲರೂ ನೀರು ಕಾಯಿಸುವ ಮಾತಾಡುತ್ತಿದ್ದೀರಿ. ನಮ್ಮದು ಚಾಕಿ, ಅಂದರೆ ರೇಷ್ಮೆಯ ಎಳೆಯ ಹುಳುಗಳನ್ನು ಸಾಕಲು ಕೋಣೆಯನ್ನೇ ಕಾಯಿಸುವ ಕಸುಬು. ಮೊದಲ ಎರಡು ಜ್ವರ (ಹುಳು ಪೊರೆ ಬಿಡುವ ಹಂತ) ಕಳೆಯುವವರೆಗೆ ರೇಷ್ಮೆಹುಳುವಿಗೆ 27–28 ಡಿಗ್ರಿ ಶಾಖ, ನೂರಕ್ಕೆ 85–90ರಷ್ಟು ತೇವಾಂಶ ಬೇಕು ಎಂದು ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯವರು ಹೇಳಿಕೊಡುತ್ತಾರೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಹೊರಗೆ 15 ಡಿಗ್ರಿಯ ಆಸುಪಾಸು ಇರುವಾಗ ಶೀಟ್ ಹೊದಿಸಿದ ಕೋಣೆಯನ್ನು ಅಷ್ಟು ಬೆಚ್ಚಗಿಡಲು ಹೀಟರುಗಳು ರಾತ್ರಿಯಿಡೀ ಉರಿಯಬೇಕು. ಹೀಟರು ಉರಿದಷ್ಟೂ ಗಾಳಿ ಒಣಗುತ್ತದೆ, ಸೊಪ್ಪು ಬಾಡುತ್ತದೆ, ಹುಳು ಮೇಯುವುದಿಲ್ಲ. ಕೆಲವರು ಇದ್ದಿಲಿನ ಅಗ್ಗಿಷ್ಟಿಕೆ ಇಡುತ್ತಾರೆ. ಖರ್ಚು ಇಳಿಸುವ ದಾರಿ ಇದ್ದರೆ ತಿಳಿಸಿ.

ನಿವೃತ್ತ ವಿದ್ಯುತ್ ಎಂಜಿನಿಯರ್, ಕುವೆಂಪುನಗರ

ಮೊದಲು ಅಗ್ಗಿಷ್ಟಿಕೆಯನ್ನು ದಯವಿಟ್ಟು ಹೊರಗಿಡಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ; ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ರಾತ್ರಿ ಸೊಪ್ಪು ಕೊಡಲು ಒಳಗೆ ಹೋದವರ ಪ್ರಾಣಕ್ಕೇ ಸಂಚಕಾರ ಬರುತ್ತದೆ. ಹುಳುವಿಗೂ ಆ ಹೊಗೆ ಒಳ್ಳೆಯದಲ್ಲ.

ತಮ್ಮ ಕೋಣೆಯ ಬಿಸಿ ಹೋಗುವುದು ಮುಖ್ಯವಾಗಿ ಮೇಲಿನ ಶೀಟಿನಿಂದ ಮತ್ತು ಸಂದುಗಳಿಂದ. ಬಿಸಿಗಾಳಿ ಮೇಲೇರಿ ತೆಳುವಾದ ಶೀಟಿಗೆ ತಾಗಿ ಆರುತ್ತದೆ, ಬಾಗಿಲ ಕೆಳಗಿನಿಂದ ಅಷ್ಟೇ ತಣ್ಣನೆಯ, ಒಣಗಿದ ಗಾಳಿ ಒಳಗೆ ಬರುತ್ತದೆ. ಆ ಗಾಳಿಯನ್ನು ಮತ್ತೆ ಕಾಯಿಸಬೇಕು, ಮತ್ತೆ ತೇವ ಮಾಡಬೇಕು. ನೀರನ್ನು ಆವಿ ಮಾಡುವುದಕ್ಕೂ ಬಿಸಿಯೇ ಬೇಕಾದ್ದರಿಂದ ಒಂದೇ ಸಂದಿಗೆ ಎರಡು ಸಲ ದುಡ್ಡು ತೆತ್ತಂತೆ. ಹುಳುವಿನ ತಟ್ಟೆಗಳ ಅಟ್ಟಣೆಗಿಂತ ತುಸು ಮೇಲಕ್ಕೆ ಥರ್ಮೋಕೋಲ್ ಹಲಗೆಯ ಒಳಚಾವಣಿ ಹಾಕಿಸಿ. ಚಾವಣಿ ಕೆಳಗಿಳಿದಷ್ಟೂ ಕಾಯಿಸಬೇಕಾದ ಗಾಳಿ ಕಡಿಮೆ. ಥರ್ಮೋಕೋಲ್ ಬೇಗ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ಹೀಟರನ್ನು ಅದರಿಂದ ಸಾಕಷ್ಟು ದೂರ ಇಡಬೇಕು. ಬಾಗಿಲಿಗೆ ಎರಡು ಪದರದ ಪರದೆ, ಕಿಟಕಿಗಳಿಗೆ ಪ್ಲಾಸ್ಟಿಕ್ ಹಾಳೆ, ಗೋಡೆಗೂ ಶೀಟಿಗೂ ನಡುವಿನ ಸಂದಿಗೆ ಮೆತ್ತು. ಮೊಟ್ಟೆ ಕಡಿಮೆ ತಂದ ಬ್ಯಾಚಿಗೆ ಇಡೀ ಕೋಣೆಯನ್ನು ಕಾಯಿಸದೆ ಪರದೆ ಕಟ್ಟಿ ಅರ್ಧವನ್ನಷ್ಟೇ ಕಾಯಿಸಿ. ಸೊಪ್ಪು ಕೊಡುವ ಹೊತ್ತಿನಲ್ಲಿ ಬಾಗಿಲು ಪರದೆ ಹೇಗೂ ತೆರೆಯುವುದರಿಂದ ಹುಳುವಿಗೆ ಬೇಕಾದ ಹೊಸ ಗಾಳಿ ಆಗ ಸಿಗುತ್ತದೆ. ಹೀಟರಿಗೆ ಥರ್ಮೋಸ್ಟಾಟ್ ಇರಲಿ, ಅದರ ಸೆನ್ಸರನ್ನು ಗೋಡೆಗೆ ಅಂಟಿಸದೆ ತಟ್ಟೆಗಳ ಮಟ್ಟದಲ್ಲಿ ತೂಗಹಾಕಿ.

ಹೀಟ್ ಪಂಪ್ ಮಾರಾಟಗಾರರು, ಮೈಸೂರು

ನಾನು ಮಾರಾಟಗಾರನೇ ಆದ್ದರಿಂದ ನನ್ನ ಮಾತನ್ನು ಹಾಗೆಯೇ ತೂಗಿ ನೋಡಿ. ಹೀಟ್ ಪಂಪನ್ನು ಇಲ್ಲಿ ಯಾರೂ ಬೇಡವೆನ್ನುತ್ತಿಲ್ಲವಾದರೂ ಅದು ಹಿಂದೆ ಸರಿದಂತೆ ಕಾಣುತ್ತಿದೆ. ಅದು ಗಾಳಿಯಲ್ಲಿರುವ ಬಿಸಿಯನ್ನು ಎಳೆದು ನೀರಿಗೆ ಕೊಡುವ ಯಂತ್ರ. ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ ಬಿಸಿ ಕೊಡುತ್ತದೆ. ಹಿಮ ಬೀಳುವ ಊರುಗಳಲ್ಲಿ ಅದರ ಶಕ್ತಿ ಕುಗ್ಗುತ್ತದೆ ನಿಜ, ಮೈಸೂರಿನ ಚಳಿ ಅದಕ್ಕೆ ಲೆಕ್ಕವಿಲ್ಲ. ಅದನ್ನು ಮಧ್ಯಾಹ್ನ, ಗಾಳಿ 27–28 ಡಿಗ್ರಿ ಇರುವಾಗ ಓಡಿಸಿ ಟ್ಯಾಂಕಿನಲ್ಲಿ ಶೇಖರಿಸಿದರೆ ಮುಂಜಾನೆ ಓಡಿಸುವುದಕ್ಕಿಂತ ಕಡಿಮೆ ಕರೆಂಟು ಸಾಕು. ಹೊತ್ತಿಗೊಂದು ದರ ಇರುವ ಮೀಟರಿನವರು ತಮ್ಮ ಬಿಲ್ಲಿನ ರಾತ್ರಿ ರಿಯಾಯಿತಿಯನ್ನೂ ನೋಡಿ ನಿರ್ಧರಿಸಬೇಕು.

ನಿವೃತ್ತ ವಿದ್ಯುತ್ ಎಂಜಿನಿಯರ್, ಕುವೆಂಪುನಗರ

ತಾವು ಹೇಳಿದ್ದರಲ್ಲಿ ನನಗೆ ತಕರಾರಿಲ್ಲ. ನನ್ನ ಆಗ್ರಹ ಕೆಲಸದ ಸರದಿಯ ಬಗ್ಗೆ ಮಾತ್ರ. ಈ ವಸತಿಗೃಹಕ್ಕೆ ಇಂದು ಅಳತೆ ಮಾಡಿ ಯಂತ್ರ ಕೊಟ್ಟರೆ ಸ್ನಾನದ 74, ಪೈಪಿನ 96, ಒಟ್ಟು 170 ಯೂನಿಟ್ ಬಿಸಿಗೆ ಕೊಡಬೇಕಾಗುತ್ತದೆ. ಪೈಪಿಗೆ ಹೊದಿಕೆ, ಪಂಪಿಗೆ ಟೈಮರ್ ಆದ ಮೇಲೆ ಅಳೆದರೆ 82 ಯೂನಿಟ್ ಸಾಕು, ಅದರಲ್ಲಿಯೂ ಬಿಸಿಲಿನ ದಿನ ಬಹುಪಾಲು ಸೋಲಾರ್ ಕೊಡುತ್ತದೆ. ಅರ್ಧದಷ್ಟು ಯಂತ್ರದಲ್ಲಿ ಮುಗಿಯುವ ಕೆಲಸಕ್ಕೆ ಪೂರ್ತಿ ಯಂತ್ರದ ಸಾಲ ಮಾಡಿಸುವುದು ಸರಿಯಲ್ಲ. ಹೊದಿಕೆಯ ಕೆಲಸ ಮುಗಿದು ಒಂದು ತಿಂಗಳ ಸಬ್‌ಮೀಟರ್ ಲೆಕ್ಕ ಕೈಗೆ ಬಂದ ಮೇಲೆ ಯಂತ್ರದ ಗಾತ್ರ ನಿರ್ಧರಿಸಲಿ.

ಹೀಟ್ ಪಂಪ್ ಮಾರಾಟಗಾರರು, ಮೈಸೂರು

ಒಪ್ಪುತ್ತೇನೆ. ಆ ಲೆಕ್ಕ ಕೊಟ್ಟರೆ ನಮಗೂ ಸರಿಯಾದ ಗಾತ್ರ ಹೇಳಲು ಸುಲಭ.

ಮೊದಲು ಬರೆದ ವ್ಯವಸ್ಥಾಪಕರು, ಗಾಂಧಿ ವೃತ್ತ

ಮಾಲೀಕರ ಜೊತೆ ಮಾತಾಡಿದೆ. ಟೈಮರುಗಳನ್ನು ಈ ವಾರವೇ ಹಾಕಿಸುತ್ತಿದ್ದೇವೆ, ಕಾಯಿಲ್‌ಗೆ ಒಂದು, ಪಂಪಿಗೆ ಒಂದು. ಪೈಪಿನ ಹೊದಿಕೆಗೆ ಒಪ್ಪಿಗೆ ಸಿಕ್ಕಿದೆ. ಯಂತ್ರದ ಮಾತು ಮಾರ್ಚಿನವರೆಗೆ ಇಲ್ಲ. ಒಂದೇ ಸಂದೇಹ ಉಳಿದಿದೆ: ತಾರಸಿಯ ಮೇಲಿನ ಪೈಪಿಗೂ ಡಕ್ಟಿನೊಳಗಿನ ಪೈಪಿಗೂ ಒಂದೇ ಫೋಮ್ ಸಾಕೇ? ಮುಂಚೆ ತಾರಸಿಯ ಪೈಪಿಗೆ ಸುತ್ತಿಸಿದ್ದ ಕಪ್ಪು ಫೋಮ್ ಪುಡಿಪುಡಿಯಾಗಿ ಉದುರಿ ಹೋಗಿದೆ.

ಸೋಲಾರ್ ಮತ್ತು ಪ್ಲಂಬಿಂಗ್ ಗುತ್ತಿಗೆದಾರರು, ಹೆಬ್ಬಾಳ

ಫೋಮ್ ಒಂದೇ ಆದರೂ ಹೊರಹೊದಿಕೆ ಬೇರೆ. ಬರಿಯ ನೈಟ್ರೈಲ್ ಫೋಮ್ ಬಿಸಿಲಿಗೆ ಬಹಳ ದಿನ ತಾಳುವುದಿಲ್ಲ, ಮೊದಲು ಬಿರುಕು ಬಿಟ್ಟು ಆಮೇಲೆ ಪುಡಿಯಾಗುತ್ತದೆ. ಬಿರುಕಿನೊಳಗೆ ಮಳೆನೀರು ಸೇರಿದರೆ ಬಿಸಿಯೂ ಹೋಗುತ್ತದೆ, ಜಿ.ಐ. ಪೈಪಿಗೆ ತುಕ್ಕೂ ಹಿಡಿಯುತ್ತದೆ. ತಾರಸಿಯಲ್ಲಿ ಫೋಮಿನ ಮೇಲೆ ಅಲ್ಯೂಮಿನಿಯಂ ತಗಡು ಸುತ್ತಿಸಿ, ತಗಡಿನ ಜೋಡಣೆಯ ಗೆರೆ ಕೆಳಮುಖವಾಗಿರಲಿ, ಮಳೆನೀರು ಒಳಗಿಳಿಯದಂತೆ. ವಾಲ್ವು, ಎಲ್ಬೋ, ಯೂನಿಯನ್‌ಗಳನ್ನು ಕೆಲಸದವರು ಬಿಟ್ಟುಬಿಡುತ್ತಾರೆ, ಅಲ್ಲಿಗೂ ಹೊದಿಕೆ ಕತ್ತರಿಸಿ ಕೂರಿಸಲು ಹೇಳಿ. ಬಿಚ್ಚಿ ಹಾಕುವಂತೆ ಕಟ್ಟಿದರೆ ಮುಂದೆ ದುರಸ್ತಿಗೆ ತೊಂದರೆಯಾಗದು. ಪೈಪನ್ನು ಗೋಡೆಗೆ ಹಿಡಿದಿರುವ ಕ್ಲಾಂಪಿನ ಕೆಳಗೆ ಫೋಮ್ ಅಪ್ಪಚ್ಚಿಯಾಗದಂತೆ ಮರದ ತುಂಡು ಕೊಡಿಸಿ. ಹೊದಿಕೆ ಹಾಕುವ ಮೊದಲು ಇಡೀ ಲೈನನ್ನು ಒಂದು ದಿನ ಒತ್ತಡದಲ್ಲಿಟ್ಟು ಎಲ್ಲಿಯಾದರೂ ಜಿನುಗುತ್ತಿದೆಯೇ ಎಂದು ನೋಡಿಕೊಳ್ಳಿ, ಹಾಕಿದ ಮೇಲೆ ಹುಡುಕುವುದು ಕಷ್ಟ.